ತುಂಗಭದ್ರೆಯ ಮೀನು: ಮಡುವಿನ ಕಾವಲಿನಿಂದ ಹೊಳೆಯ ಕಾವಲಿಗೆ

ಬ್ಯಾಡಗಿ ಎಂದೊಡನೆ ಮೆಣಸಿನಕಾಯಿ, ರಾಣೇಬೆನ್ನೂರು ಎಂದೊಡನೆ ಕೃಷ್ಣಮೃಗಗಳ ಅಭಯಾರಣ್ಯ, ಅಗಡಿ ಎಂದೊಡನೆ ಆನಂದವನ ನೆನಪಾಗುವುದು ಸಹಜ. ಹಾವೇರಿ ಸೀಮೆಯನ್ನು ಮೀನಿನೊಂದಿಗೆ ಜೋಡಿಸಿ ನೋಡುವವರು ವಿರಳ. ಆದರೆ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆಯಲ್ಲಿ ವರದಾ, ಧರ್ಮಾ, ಕುಮುದ್ವತಿ, ತುಂಗಭದ್ರಾ ಎಂಬ ನಾಲ್ಕು ಹೊಳೆಗಳು ಹರಿಯುತ್ತವೆ. ಧರ್ಮಾ ವರದೆಯನ್ನು ಸೇರುತ್ತದೆ; ವರದೆ ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಕುಮುದ್ವತಿಯೂ ರಾಣೇಬೆನ್ನೂರು ತಾಲ್ಲೂಕಿನಲ್ಲಿ ಅದೇ ತುಂಗಭದ್ರೆಯ ಪಾಲಾಗುತ್ತದೆ. ಹೀಗಾಗಿ ಜಿಲ್ಲೆಯ ನೀರಿನ ಕಥೆಯೆಲ್ಲ ಕಡೆಗೆ ತುಂಗಭದ್ರೆಯ ಕಥೆಯೇ ಆಗಿದೆ.

ಗಳಗನಾಥ ಎಂಬ ಹೆಸರು ಕನ್ನಡದ ಓದುಗರಿಗೆ ಕಾದಂಬರಿಕಾರರೊಬ್ಬರ ಹೆಸರಾಗಿಯೇ ಹೆಚ್ಚು ಪರಿಚಿತ. ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಊರಿನ ಹೆಸರನ್ನೇ ಕಾವ್ಯನಾಮವಾಗಿಸಿಕೊಂಡು, 20ನೇ ಶತಮಾನದ ಆರಂಭದಲ್ಲಿ ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಮನೆಮಾತಾದರು. ಅವರ ಊರಿನ ಗಳಗೇಶ್ವರ ದೇವಾಲಯ ಇಂದಿಗೂ ಸಂಗಮದ ದಂಡೆಯ ಮೇಲೆ ನಿಂತಿದೆ. ಅದೇ ದಂಡೆಯಲ್ಲಿ ಮೇಲಕ್ಕೆ ಹೋದರೆ ರಾಣೇಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ. 12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಊರು. ದೋಣಿ, ಹರಿಗೋಲು, ಬೀಸುಬಲೆಗಳನ್ನು ನೆಚ್ಚಿ ಬದುಕಿದ ಅಂಬಿಗರ, ಗಂಗಾಮತಸ್ಥರ ಕುಟುಂಬಗಳು ಈ ದಂಡೆಯ ಊರುಗಳಲ್ಲಿ ತಲೆಮಾರುಗಳಿಂದ ನೆಲೆಸಿವೆ. ಹೊಳೆ ಕೆಟ್ಟರೆ ಮೊದಲು ತಿಳಿಯುವುದು ಇವರಿಗೇ. ಪ್ರಯೋಗಾಲಯದ ವರದಿ ಬರುವುದಕ್ಕೆ ಮುನ್ನವೇ ಇವರ ಬಲೆ ಆ ವಿಷಯವನ್ನು ಹೇಳಿರುತ್ತದೆ.

ಹೊಳೆಯ ಮೀನನ್ನು ಉಳಿಸಲು ಸರ್ಕಾರದ ಸಂಬಳವಿಲ್ಲದೆ ದುಡಿದವರು ಕರ್ನಾಟಕದಲ್ಲಿ ಹಲವರಿದ್ದಾರೆ. ದೇವಸ್ಥಾನದ ಭಕ್ತರು, ಮೀನುಗಾರರು, ಗಾಳ ಹಾಕುವ ಹವ್ಯಾಸಿಗಳು, ವನ್ಯಜೀವಿಪ್ರಿಯರು, ಊರಿನ ಯುವಕರು ಎಲ್ಲರೂ ಈ ಸಾಲಿನಲ್ಲಿ ಸೇರುತ್ತಾರೆ. ಇವರಲ್ಲಿ ಬಹುತೇಕರು ಕಾದದ್ದು ಹೊಳೆಯ ಒಂದೊಂದು ತುಂಡನ್ನು ಮಾತ್ರ. ಹೊಳೆಯನ್ನು ಇಡಿಯಾಗಿ ಕಾಯಲು ಹೊರಟವರು ಕೆಲವರೇ. ಈ ಎರಡರ ನಡುವಿನ ವ್ಯತ್ಯಾಸ ತುಂಗಭದ್ರೆಯ ಮಟ್ಟಿಗೆ ಸಣ್ಣದೇನಲ್ಲ.

ದೇವರ ಮೀನು

ತುಂಗೆ, ಭದ್ರೆ ಮತ್ತು ನೇತ್ರಾವತಿ ಮೂರೂ ಕುದುರೆಮುಖ ಸೀಮೆಯ ಗಂಗಾಮೂಲದ ಬೆಟ್ಟಗಳಲ್ಲಿ ಹುಟ್ಟುತ್ತವೆ. ತುಂಗೆ ಶೃಂಗೇರಿಗೆ ಇಳಿದಾಗ ಶಾರದಾ ಪೀಠದ ಸೋಪಾನಗಳ ಬಳಿ ಮೀನುಗಳ ಹಿಂಡು ಕಾಣುತ್ತದೆ. ಯಾತ್ರಿಕರು ಮಂಡಕ್ಕಿ ಎರಚಿದರೆ ಮೊಳಕೈ ಉದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತವೆ. ಅಲ್ಲಿ ಯಾರೂ ಬಲೆ ಬೀಸುವುದಿಲ್ಲ. ಇನ್ನೂ ಕೆಳಗೆ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿಯೂ ಇಂಥದೇ ಮತ್ಸ್ಯಧಾಮವಿದೆ. ಕಾವೇರಿ ತೀರದ ರಾಮನಾಥಪುರ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲ ಇದೇ ಪರಂಪರೆಗೆ ಸೇರಿದ ಕ್ಷೇತ್ರಗಳು. ಮಹಶೀರ್ ಜಾತಿಯ ಮೀನುಗಳು ಇಂಥ ಮಡುಗಳಲ್ಲಿ ನಿರ್ಭಯವಾಗಿ ಬೆಳೆಯುತ್ತವೆ. ಕಾನೂನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ‘ಇದು ದೇವರ ಮೀನು’ ಎಂಬ ಒಂದು ಮಾತು ಬಲೆಯನ್ನು ದಡದಲ್ಲೇ ನಿಲ್ಲಿಸಿತ್ತು.

ಆದರೆ ಈ ಕಾವಲಿಗೂ ಎಲ್ಲೆಯಿದೆ. ಶಿಶಿಲೇಶ್ವರ ದೇವಾಲಯದ ಮುಂದೆ ಹರಿಯುವ ಕಪಿಲಾ ಹೊಳೆಗೆ 1996ರಲ್ಲಿ ದುಷ್ಕರ್ಮಿಗಳು ವಿಷ ಬೆರೆಸಿದರು. ಸಾವಿರಾರು ಮೀನುಗಳು ಸತ್ತು ತೇಲಿದವು. ಊರವರು ಆ ಮೀನುಗಳಿಗಾಗಿ ಸ್ಮಾರಕವನ್ನೇ ನಿಲ್ಲಿಸಿದರು. ಹೊಳೆಯ ಮೀನಿಗೆ ಕಲ್ಲು ನಿಲ್ಲಿಸಿದ ಊರು ಬಹುಶಃ ನಾಡಿನಲ್ಲಿ ಮತ್ತೊಂದಿರಲಾರದು. ಶಿಶಿಲದ ಮೀನುಗಳು ಮತ್ತೆ ಹೆಚ್ಚಿದವು, ಭಕ್ತರೂ ಹೆಚ್ಚಿದರು. ಆದರೂ ಆ ಘಟನೆ ಒಂದು ಸಂಗತಿಯನ್ನು ಸ್ಪಷ್ಟಪಡಿಸಿತು. ಭಕ್ತಿ ಬಲೆಯನ್ನು ತಡೆದೀತು. ಮೇಲಿನಿಂದ ಹರಿದುಬರುವ ನೀರನ್ನು ತಡೆಯಲಾರದು.

ಹೊಳೆಗೆ ವಿಷ ಬೆರೆಸುವುದು, ಸಿಡಿಮದ್ದು ಸಿಡಿಸುವುದು ಹೊಸ ಅಪರಾಧಗಳೇನಲ್ಲ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಲ್ಲಿಯೇ ಎರಡನ್ನೂ ನಿಷೇಧಿಸಲಾಗಿತ್ತು. ಕರ್ನಾಟಕವು 1996ರಲ್ಲಿ ಒಳನಾಡು ಮೀನುಗಾರಿಕೆಗೆ ಪ್ರತ್ಯೇಕ ಕಾಯ್ದೆಯನ್ನೇ ರೂಪಿಸಿತು. ಮಲೆನಾಡಿನಲ್ಲಿ ಕಾರೆಕಾಯಿ ಜಜ್ಜಿ ಹಳ್ಳಕ್ಕೆ ಹಾಕಿ ಮೀನಿಗೆ ಮತ್ತು ಬರಿಸುವ ಹಳೆಯ ಪದ್ಧತಿಯಿತ್ತು. ಅದರ ಪರಿಣಾಮ ಒಂದು ಗುಂಡಿಗೆ, ಒಂದು ದಿನಕ್ಕೆ ಸೀಮಿತ. ಆ ಜಾಗಕ್ಕೆ ಬ್ಲೀಚಿಂಗ್ ಪುಡಿ, ಕೀಟನಾಶಕಗಳು ಬಂದ ಮೇಲೆ ಮೀನಿನೊಂದಿಗೆ ಮರಿ, ಮೊಟ್ಟೆ, ಏಡಿ, ಹುಳುಗಳೂ ಸಾಯತೊಡಗಿದವು. ಸಿಡಿಮದ್ದಿನದೂ ಇದೇ ಕಥೆ. ಸತ್ತ ಮೀನಿನಲ್ಲಿ ಕೈಗೆ ಸಿಗುವುದು ಒಂದು ಪಾಲು ಮಾತ್ರ; ಉಳಿದದ್ದು ತಳ ಸೇರುತ್ತದೆ.

ಕುಮಾರಪಟ್ಟಣದಿಂದ ಕುಸನೂರಿಗೆ

ಶೃಂಗೇರಿಯ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ ತುಂಗಭದ್ರೆಯಾಗಿ, ಹೊನ್ನಾಳಿ ದಾಟಿ ಹರಿಹರಕ್ಕೆ ಬರುತ್ತದೆ. ಹರಿಹರದ ಎದುರು ದಂಡೆಯೇ ರಾಣೇಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ. ಇಲ್ಲಿ 1970ರ ದಶಕದ ಆರಂಭದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಕೆಲಸ ಶುರುಮಾಡಿತು. ನೀಲಗಿರಿ ಮರವನ್ನು ಚೂರು ಮಾಡಿ, ರಾಸಾಯನಿಕಗಳಲ್ಲಿ ಬೇಯಿಸಿ, ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತಯಾರಿಸುವ ಉದ್ಯಮ ಇದು. ಸಾವಿರಾರು ಜನರಿಗೆ ಉದ್ಯೋಗ ಕೊಟ್ಟಿತೆಂಬುದನ್ನು ವಿರೋಧಿಗಳೂ ಅಲ್ಲಗಳೆಯಲಿಲ್ಲ.

ಮರವನ್ನು ಬೇಯಿಸಿದಾಗ ಅದರ ನಾರು ಉಳಿದು, ನಾರನ್ನು ಅಂಟಿಸಿದ್ದ ಲಿಗ್ನಿನ್ ಮತ್ತಿತರ ವಸ್ತುಗಳು ಕಂದು ದ್ರಾವಣವಾಗಿ ಹೊರಬರುತ್ತವೆ. ಇಂಥ ತ್ಯಾಜ್ಯ ಸರಿಯಾಗಿ ಶುದ್ಧಿಯಾಗದೆ ಹೊಳೆ ಸೇರಿದರೆ ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಲು ತೊಡಗುತ್ತವೆ. ಆ ಕೆಲಸಕ್ಕೆ ಅವು ಬಳಸಿಕೊಳ್ಳುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಇದು ಗೊತ್ತಾಗುವುದಿಲ್ಲ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನೀರು ಸಣ್ಣದಾಗಿ, ಬಿಸಿಲಿಗೆ ಕಾದು ನಿಂತಾಗ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಮೀನುಗಾರಿಕೆಗೆ ಯೋಗ್ಯವಾದ ನೀರಿನಲ್ಲಿ ಪ್ರತಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ.

ಕಾರ್ಖಾನೆಯ ತ್ಯಾಜ್ಯದಿಂದ ಮೀನು ಸಾಯುತ್ತಿದೆ, ದನಕರುಗಳಿಗೆ ಕುಡಿಯಲು ನೀರಿಲ್ಲದಂತಾಗಿದೆ ಎಂಬುದು ಕೆಳದಂಡೆಯ ಗ್ರಾಮಸ್ಥರ ಹಾಗೂ ಮೀನುಗಾರರ ದೂರಾಗಿತ್ತು. ಆ ದೂರಿಗೆ ದನಿ ಕೊಟ್ಟದ್ದು ಸಮಾಜ ಪರಿವರ್ತನ ಸಮುದಾಯ. ಇದರ ಹಿನ್ನೆಲೆ ಕುತೂಹಲಕರವಾಗಿದೆ. ಅಮೆರಿಕದಲ್ಲಿ ನೆಲೆಸಿದ್ದ ಕೆಲವು ಭಾರತೀಯರು 1974ರಲ್ಲಿ ಷಿಕಾಗೋದಲ್ಲಿ ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಎಂಬ ಸಂಸ್ಥೆಯನ್ನು ಕಟ್ಟಿದ್ದರು. ಅವರಲ್ಲೊಬ್ಬರಾದ ಎಸ್.ಆರ್. ಹಿರೇಮಠ 1979ರಲ್ಲಿ ತಾಯ್ನಾಡಿಗೆ ಮರಳಿ ರಾಣೇಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕಾರ್ಯಕ್ಕೆ ಇಳಿದರು. ಮೆಡ್ಲೇರಿಗೆ ತುಂಗಭದ್ರೆ ದೂರವಲ್ಲ. ಬಾವಿ, ಸಾಲ, ಶಾಲೆ ಎಂದು ಆರಂಭವಾದ ಕೆಲಸಕ್ಕೆ ಹೊಳೆಯ ನೀರು ಅಡ್ಡಬಂದದ್ದು ಆಶ್ಚರ್ಯವೇನಲ್ಲ. 1984ರಲ್ಲಿ ಸ್ಥಾಪನೆಯಾದ ಸಮಾಜ ಪರಿವರ್ತನ ಸಮುದಾಯ ತುಂಗಭದ್ರೆಯ ಮಾಲಿನ್ಯದ ವಿರುದ್ಧ ದಂಡೆಯ ಹಳ್ಳಿಗಳನ್ನು ಸಂಘಟಿಸಿತು.

ಹೋರಾಟಗಾರರು ಹೊಳೆಯ ದಂಡೆಯಲ್ಲೇ ನಿಲ್ಲಲಿಲ್ಲ. ಕಾರ್ಖಾನೆಯ ಕೊಳವೆಯಿಂದ ಹಿಂದಕ್ಕೆ ನಡೆದು, ಅದಕ್ಕೆ ಮರ ಎಲ್ಲಿಂದ ಬರುತ್ತದೆಂದು ನೋಡಿದರು. 1984ರಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಸಂಸ್ಥೆಯನ್ನು ಹುಟ್ಟುಹಾಕಿದ್ದವು. ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಸರ್ಕಾರಿ ಭೂಮಿಯಲ್ಲಿ ನೀಲಗಿರಿಯಂಥ ಮರಗಳನ್ನು ಬೆಳೆಯುವುದು ಉದ್ದೇಶ. ಕಾಗದದ ಮೇಲೆ ಅದು ಬಂಜರು; ಹಳ್ಳಿಗರ ಪಾಲಿಗೆ ದನ ಮೇಯುವ, ಉರುವಲು ಸಿಗುವ ಗೋಮಾಳ. ಡಾ. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸಮುದಾಯದೊಂದಿಗೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಆ ಜಾಗದಲ್ಲಿ ತಮಗೆ ಉಪಯುಕ್ತವಾದ ಗಿಡಗಳನ್ನು ಹಚ್ಚಿದರು. ನೆಡುವುದಕ್ಕೆ ‘ಹಚ್ಚುವುದು’ ಎನ್ನುವ ಈ ಭಾಗದ ಮಾತು ಒಂದು ಚಳವಳಿಯ ಹೆಸರಿನಲ್ಲಿ ಹೀಗೆ ಉಳಿದುಕೊಂಡಿತು. 1991ರಲ್ಲಿ ಸರ್ಕಾರ ಕರ್ನಾಟಕ ಪಲ್ಪ್‌ವುಡ್ಸ್ ಸಂಸ್ಥೆಯನ್ನು ಮುಚ್ಚಲು ನಿರ್ಧರಿಸಿತು.

ಕುಸನೂರನ್ನು ಸಾಮಾನ್ಯವಾಗಿ ಭೂಮಿಯ, ಅರಣ್ಯದ ಹೋರಾಟವೆಂದೇ ದಾಖಲಿಸಲಾಗುತ್ತದೆ. ಅದು ತಪ್ಪಲ್ಲ. ಆದರೆ ಅದರ ಒಂದು ಬೇರು ತುಂಗಭದ್ರೆಯ ಸತ್ತ ಮೀನಿನಲ್ಲಿದೆ ಎಂಬುದನ್ನು ಮರೆಯಲಾಗದು. ಭೂಮಿಯ ಪ್ರಶ್ನೆಗೆ ಸ್ಪಷ್ಟ ತೀರ್ಮಾನ ಸಿಕ್ಕಿತು. ನೀರಿನ ಪ್ರಶ್ನೆಗೆ ಅಷ್ಟು ಸ್ಪಷ್ಟ ತೀರ್ಮಾನ ಸಿಗಲಿಲ್ಲ. ಭೂಮಿಯನ್ನು ಅಳೆದು ಗೆರೆ ಎಳೆಯಬಹುದು. ಹರಿಯುವ ನೀರಿಗೆ ಗೆರೆ ಎಲ್ಲಿ?

ಭದ್ರೆಯ ಹೂಳು

ಇದೇ ಹೊಳೆಯ ಇನ್ನೊಂದು ತೊರೆಯಲ್ಲಿ ನಡೆದ ಹೋರಾಟಕ್ಕೆ ನಿಚ್ಚಳವಾದ ಜಯ ದೊರೆಯಿತು. ಕುದುರೆಮುಖದಲ್ಲಿ ಕಬ್ಬಿಣದ ಅದಿರು ಕಂಪನಿ 1976ರಲ್ಲಿ ಸ್ಥಾಪನೆಯಾಯಿತು. ಭದ್ರೆಯ ತಲೆಯ ಮೇಲೆಯೇ ಬೆಟ್ಟ ಅಗೆದು, ಮಳೆಗಾಲದಲ್ಲಿ ಕೆಂಪು ನೀರು ಹರಿಯತೊಡಗಿತು. ಹೂಳು ಮೀನಿಗೆ ವಿಷವಲ್ಲ. ಆದರೆ ಹಳ್ಳದ ತಳದ ಬೆಣಚುಗಲ್ಲುಗಳ ಸಂದಿಯಲ್ಲಿ ಇಟ್ಟ ಮೊಟ್ಟೆಯನ್ನು ಅದು ಉಸಿರುಗಟ್ಟಿಸುತ್ತದೆ. ಕಲ್ಲಿಗೆ ಅಂಟಿದ ಪಾಚಿ, ಹುಳುಗಳನ್ನು ಮುಚ್ಚಿ ಮರಿಗಳ ಆಹಾರವನ್ನೂ ಕಸಿದುಕೊಳ್ಳುತ್ತದೆ. ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಪರವಾಗಿ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. ಅವರು ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿ ಹೆಸರಾದವರು. ಕಾಡು, ಗಣಿ, ಹೂಳು ಎಲ್ಲವೂ ದಾಖಲೆಗಳೊಂದಿಗೆ ನ್ಯಾಯಾಲಯದ ಮುಂದೆ ಬಂದವು. 2002ರ ಅಕ್ಟೋಬರ್ 30ರಂದು ತೀರ್ಪು ಹೊರಬಿತ್ತು. 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಹಾವೇರಿಯ ಹೊಳೆದಂಡೆಯವರಿಗೆ ಕುದುರೆಮುಖ ದೂರದ ಊರು. ಆದರೆ ಅಲ್ಲಿ ನಿಂತ ಹೂಳು ಕೂಡ್ಲಿಯ ಮೂಲಕ ಇಲ್ಲಿಗೇ ಬರುವಂಥದು.

ಹಾಗೆಯೇ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಅದು ಯಾವ ಪರಿಸರ ಹೋರಾಟದ ಫಲವೂ ಅಲ್ಲ, ನಷ್ಟದ ಫಲ. ಕೆಲಸ ಕಳೆದುಕೊಂಡ ಕುಟುಂಬಗಳ ಮುಂದೆ ಅದನ್ನು ಹೊಳೆಯ ಭಾಗ್ಯವೆಂದು ಹೇಳುವುದು ಕಷ್ಟ.

ಕಾವೇರಿ ಕಲಿಸಿದ ಪಾಠ

ತಣ್ಣೀರಿನ ಟ್ರೌಟ್ ಮೀನಿರುವ ದೇಶಗಳಲ್ಲಿ ಹೊಳೆಯ ರಕ್ಷಣೆಗೆ ಗಾಳ ಹಾಕುವ ಹವ್ಯಾಸಿಗಳೇ ಮುಂದಾಗುತ್ತಾರೆ. ಬ್ರಿಟಿಷರು ಆ ಮೀನನ್ನು ನೀಲಗಿರಿ ಬೆಟ್ಟಕ್ಕೂ ತಂದು ಬಿಟ್ಟರು; ನಮ್ಮ ಬಯಲಿನ ಬೆಚ್ಚನೆಯ ಹೊಳೆಗಳು ಅದಕ್ಕೆ ಒಗ್ಗುವಂಥವಲ್ಲ. ಕರ್ನಾಟಕದಲ್ಲಿ ಹವ್ಯಾಸಿಗಳನ್ನು ಸೆಳೆದದ್ದು ಕಾವೇರಿಯ ಮಹಶೀರ್. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಹಿಡಿದ 120 ಪೌಂಡಿನ ಮೀನು ಇಂದಿಗೂ ದಂತಕಥೆ. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು, ಸಿಡಿಮದ್ದು ಹಾಕುವವರನ್ನು ತಡೆಯಲು ಸ್ಥಳೀಯರನ್ನೇ ಕಾವಲಿಗೆ ನೇಮಿಸಿತು. ಹಿಡಿದ ಮೀನನ್ನು ತೂಗಿ, ದಾಖಲಿಸಿ, ಮತ್ತೆ ನೀರಿಗೆ ಬಿಡುವುದು ಅಲ್ಲಿನ ನಿಯಮವಾಗಿತ್ತು.

ಕಾವಲಿನ ಜೊತೆಗೆ ಇನ್ನೊಂದು ಸದುದ್ದೇಶದ ಕೆಲಸವೂ ನಡೆಯಿತು. ಮೀನಿನ ಸಂಖ್ಯೆ ಹೆಚ್ಚಿಸಲೆಂದು ಮಹಾರಾಷ್ಟ್ರದ ಲೋನಾವಳಾದ ಮರಿ ಉತ್ಪಾದನಾ ಕೇಂದ್ರದಿಂದ ಬಂದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಅದು ಕೃಷ್ಣಾ ಕೊಳ್ಳದ ಮೀನು, ಅಂದರೆ ತುಂಗಭದ್ರೆಯ ಬಳಗದ್ದು. ಕಾವೇರಿಯ ಮೂಲನಿವಾಸಿ ಬೇರೆಯೇ. ಬೆನ್ನು ಉಬ್ಬಿದ, ಕಿತ್ತಳೆ ಬಣ್ಣದ ರೆಕ್ಕೆಗಳ ಮಹಶೀರ್. 1998ರಿಂದ 2012ರವರೆಗೆ ಹವ್ಯಾಸಿಗಳು ಬರೆದಿಟ್ಟ ಲೆಕ್ಕಪುಸ್ತಕಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದಾಗ ಸತ್ಯ ಹೊರಬಿತ್ತು. ಗಾಳಕ್ಕೆ ಸಿಗುವ ಮೀನುಗಳ ಸಂಖ್ಯೆ ಏರಿತ್ತು. ಆದರೆ ಏರಿದ್ದು ಹೊರಗಿನ ಮೀನು. ಮೂಲದ ಮೀನು ಕಾಣಸಿಗುವುದೇ ಅಪರೂಪವಾಗಿತ್ತು. ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರಿನ ಆ ಮೀನನ್ನು 2018ರಲ್ಲಿ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜೀವಿಯೆಂದು ಸೇರಿಸಲಾಯಿತು.

ಮೀನುಮರಿ ಬಿಡುವ ಕಾರ್ಯಕ್ರಮಗಳು ನಮ್ಮಲ್ಲಿ ಬಹಳ ಜನಪ್ರಿಯ. ಗಣ್ಯರು ಬಿಂದಿಗೆ ಬಗ್ಗಿಸುವ ಚಿತ್ರ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಯಾವ ಹೊಳೆಗೆ ಯಾವ ಮರಿ ಎಂಬ ಪ್ರಶ್ನೆ ಅಲ್ಲಿ ಕೇಳಿಬರುವುದು ಕಡಿಮೆ. ಕಾವೇರಿಯ ಹವ್ಯಾಸಿಗಳ ದೊಡ್ಡ ಗುಣವೆಂದರೆ ಅವರು ಲೆಕ್ಕ ಇಟ್ಟಿದ್ದರು. ಆ ಲೆಕ್ಕವಿಲ್ಲದಿದ್ದರೆ ತಪ್ಪು ನಡೆದದ್ದೂ ತಿಳಿಯುತ್ತಿರಲಿಲ್ಲ.

ದಂಡೆಯವರು ಮಾಡಬಹುದಾದದ್ದು

ಮೀನು ಸತ್ತು ತೇಲಿದ ಸುದ್ದಿ ಬೇಸಿಗೆಯಲ್ಲಿ ಆಗಾಗ ಬರುತ್ತದೆ. ಅಧಿಕಾರಿಗಳು ಮಧ್ಯಾಹ್ನಕ್ಕೆ ಬಂದು ನೀರು ತುಂಬಿಸಿಕೊಂಡು ಹೋಗುತ್ತಾರೆ. ವರದಿಯಲ್ಲಿ ದೋಷ ಕಾಣುವುದಿಲ್ಲ. ಇದರಲ್ಲಿ ಯಾವಾಗಲೂ ಮೋಸವೇ ಇರಬೇಕೆಂದಿಲ್ಲ. ಹಗಲು ಪಾಚಿ ಮತ್ತು ಜಲಸಸ್ಯಗಳು ಆಮ್ಲಜನಕವನ್ನು ಬಿಡುತ್ತವೆ. ರಾತ್ರಿ ಅವೂ ಬಳಸಿಕೊಳ್ಳುತ್ತವೆ. ಆದ್ದರಿಂದ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಆಮ್ಲಜನಕ ಅತ್ಯಂತ ಕಡಿಮೆ ಇರುತ್ತದೆ, ಮಧ್ಯಾಹ್ನ ಏರಿರುತ್ತದೆ. ಬೆಳಗಿನ ಜಾವವೇ ದಂಡೆಯಲ್ಲಿ ಅಳೆದವರಿಗೆ ಮಾತ್ರ ನಿಜಸ್ಥಿತಿ ಗೊತ್ತಾಗುತ್ತದೆ. ಸರಳವಾದ ಪರೀಕ್ಷಾ ಪೆಟ್ಟಿಗೆಗಳಿಂದ ಕಾಲೇಜು ವಿದ್ಯಾರ್ಥಿಗಳೂ ಇದನ್ನು ಮಾಡಬಲ್ಲರು. 1974ರ ಜಲ ಕಾಯ್ದೆಯ ಪ್ರಕಾರ ಸಾಕ್ಷ್ಯವಾಗಿ ನಿಲ್ಲುವುದು ಮಂಡಳಿಯವರು ವಿಧಿಬದ್ಧವಾಗಿ ತೆಗೆದ ಮಾದರಿಯೇ ಆದರೂ, ತಿಂಗಳುಗಟ್ಟಲೆ ಬರೆದಿಟ್ಟ ಲೆಕ್ಕವಿದ್ದರೆ ಅಧಿಕಾರಿಗಳು ಯಾವ ಹೊತ್ತಿಗೆ, ಯಾವ ಜಾಗಕ್ಕೆ ಬರಬೇಕೆಂದು ಹೇಳಬಹುದು. 2002ರ ಜೀವವೈವಿಧ್ಯ ಕಾಯ್ದೆಯಡಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ದಾಖಲೆ ಇರಬೇಕು. ಬಾಳೆ ಮೀನು, ಹಾವುಮೀನು ಹಿಂದೆ ಯಾವ ಮಡುವಿನಲ್ಲಿ ಸಿಗುತ್ತಿತ್ತು, ಯಾವ ತಿಂಗಳಲ್ಲಿ ಏರಿ ಬರುತ್ತಿತ್ತು ಎಂಬುದು ಹಿರಿಯ ಅಂಬಿಗರ ನೆನಪಿನಲ್ಲಿದೆ. ಅದು ಆ ದಾಖಲೆಗೆ ಇಳಿಯಬೇಕಾದ ಮೊದಲ ಪುಟ.

ಇನ್ನು ಮರಳು. ರಾಣೇಬೆನ್ನೂರು, ಹಾವೇರಿ ತಾಲ್ಲೂಕುಗಳ ದಂಡೆಯಲ್ಲಿ ಮರಳಿನ ವ್ಯವಹಾರ ಯಾರಿಗೂ ಗುಟ್ಟಲ್ಲ. ಮರಳು ತೆಗೆದ ಹೊಳೆಯಲ್ಲಿ ಮೀನಿಗೆ ಮೊಟ್ಟೆಯಿಡಲು ಜಾಗವಿಲ್ಲ. ಬೇಸಿಗೆಯಲ್ಲಿ ನೀರು ಹಿಡಿದಿಡುವ ತಳವೂ ಇಲ್ಲ. ಇದನ್ನು ಪ್ರಶ್ನಿಸುವುದು ನೀರು ಅಳೆದಷ್ಟು ಸುಲಭವಲ್ಲ. ಒಂಟಿಯಾಗಿ ಹೋಗುವುದು ಕ್ಷೇಮವೂ ಅಲ್ಲ.

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಕಲುಷಿತ ನದಿಭಾಗಗಳನ್ನು ಗುರುತಿಸಿದಾಗ ಕರ್ನಾಟಕದ 17 ನದಿಗಳು ಅದರಲ್ಲಿದ್ದವು. ತುಂಗಾ, ಭದ್ರಾ, ತುಂಗಭದ್ರಾ ಮೂರೂ ಸೇರಿದ್ದವು. ಈಗಿನ ದೊಡ್ಡ ಆರೋಪಿ ಒಂದು ಕಾರ್ಖಾನೆಯಲ್ಲ, ದಂಡೆಯ ಊರುಗಳೆಲ್ಲದರ ಚರಂಡಿ. ಕಾರ್ಖಾನೆಯ ಗೇಟಿನ ಮುಂದೆ ಧರಣಿ ಕೂರಬಹುದು. ಚರಂಡಿಯ ವಿರುದ್ಧ ಕೂರಬೇಕಾದರೆ ನಮ್ಮ ನಮ್ಮ ಮನೆಯ ಮುಂದೆಯೇ ಕೂರಬೇಕಾದೀತು.

2024ರ ನವೆಂಬರಿನಲ್ಲಿ ‘ನಿರ್ಮಲ ತುಂಗಭದ್ರಾ ಅಭಿಯಾನ’ದ ಪಾದಯಾತ್ರೆ ಶೃಂಗೇರಿಯಿಂದ ಹೊರಟಿತು. ಗುರಿ ಗಂಗಾವತಿ ಬಳಿಯ ಕಿಷ್ಕಿಂಧೆ. ಮೊದಲ ಹಂತ ಹರಿಹರದಲ್ಲಿ ಮುಗಿಯಿತು. ದೇವರ ಮೀನಿನ ಮಡುವಿನಿಂದ ಹೊರಟು, ತೀರ್ಥಹಳ್ಳಿ, ಶಿವಮೊಗ್ಗ, ಕೂಡ್ಲಿಗಳನ್ನು ಹಾದು ಹೊಳೆಯ ಜೊತೆಗೇ ನಡೆದವರು ನಿಂತದ್ದು ಕುಮಾರಪಟ್ಟಣದ ಎದುರು ದಂಡೆಯಲ್ಲಿ. ಅಲ್ಲಿಂದ ಕೆಳಗೆ ಐರಣಿ, ಮೆಡ್ಲೇರಿ, ಚೌಡಯ್ಯದಾನಪುರಗಳನ್ನು ದಾಟಿ ಗಳಗನಾಥದವರೆಗಿನ ದಂಡೆ ಹಾವೇರಿ ಜಿಲ್ಲೆಯದು. ಹವ್ಯಾಸಿಗಳ ಗುತ್ತಿಗೆಯ ಕಾವಲಾಗಲಿ, ಶೃಂಗೇರಿಯಂತೆ ಹೆಸರಾದ ಮತ್ಸ್ಯಧಾಮವಾಗಲಿ ಇಲ್ಲಿಲ್ಲ. ಹರಿಗೋಲಿನವರಿದ್ದಾರೆ.